ಹೊಸ ಗಣಕಯಂತ್ರದಲ್ಲಿ ವಿಂಡೋಸ್ ಅಳವಡಿಕೆ: ಅರ್ಧಕ್ಕೆ ನಿಂತಾಗ ವರ್ತಕರು ಗಮನಿಸಬೇಕಾದ ಅಂಶಗಳು

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಕ್ತಾಯಗೊಂಡಿತು. ಅದು ಮೆಕ್ಕೆಜೋಳ, ಶೇಂಗಾ ಆವಕದ ಕಾಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿಗಳ ದಲ್ಲಾಳಿ ಮಂಡಿ, ಎಣ್ಣೆ ಮಿಲ್ಲು, ಗೊಬ್ಬರದ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಯಂತ್ರಕ್ಕೆ ಬಿಡುವೇ ಇರದ ದಿನಗಳು. ಹಳೆಯ ಯಂತ್ರವನ್ನು ಬದಲಿಸಬೇಕಾಗಿ ಬಂದಾಗ ಸಣ್ಣ ಪಟ್ಟಣದ ವರ್ತಕರ ಮುಂದಿರುವ ಮಿತವ್ಯಯದ ದಾರಿ ಎಂದರೆ ಬಿಡಿಭಾಗಗಳನ್ನು ತರಿಸಿ ಜೋಡಿಸಿಕೊಳ್ಳುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ, ಹುಬ್ಬಳ್ಳಿ, ದಾವಣಗೆರೆ, ಹೊಸಪೇಟೆಗಳಿಂದಲೋ ಮದರ್‌ಬೋರ್ಡ್, ಪ್ರೊಸೆಸರ್‌ಗಳನ್ನು ತರಿಸಿ ಸ್ಥಳೀಯ ತಂತ್ರಜ್ಞರಿಂದ ಜೋಡಿಸಿಕೊಳ್ಳುವ ಈ ಪದ್ಧತಿಯಲ್ಲಿ ದೋಷವೇನೂ ಇಲ್ಲ. ತೊಡಕು ಎದುರಾಗುವುದು ಜೋಡಣೆ ಮುಗಿದು ವಿಂಡೋಸ್ ಅಳವಡಿಸಲು ಕುಳಿತಾಗ.

ಯಂತ್ರ ಎರಡು ದಿನ ನಿಂತರೆ ಏನಾಯಿತು ಎನ್ನುವ ಕಾಲ ಇದಲ್ಲ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್.-1ಕ್ಕೆ ಮುಂದಿನ ತಿಂಗಳ 11, 3ಬಿ ನಮೂನೆಗೆ 20 ಕೊನೆಯ ದಿನ. ತಪ್ಪಿದರೆ ಗರಿಷ್ಠ ಮಿತಿಗೆ ಒಳಪಟ್ಟು ದಿನಕ್ಕೆ ರೂ. 50ರಂತೆ ವಿಳಂಬ ಶುಲ್ಕ. ನಗದಿನಲ್ಲಿ ಕಟ್ಟಬೇಕಾದ ತೆರಿಗೆ ಬಾಕಿಯಿದ್ದರೆ ಶೇ. 18ರ ಬಡ್ಡಿ. ರೂ. 5 ಕೋಟಿ ಮೀರಿದ ವಹಿವಾಟಿರುವವರು 2023ರ ಆಗಸ್ಟ್ 1ರಿಂದ ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯಲೇಬೇಕು. ಆದರೆ ಇವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಅವಸರದಲ್ಲಿ ವಿಂಡೋಸ್ ಅಳವಡಿಸುವಾಗ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿರುವ ಹಲವು ವರ್ಷಗಳ ಕಿರ್ದಿ-ಖಾತೆಯೇ ಅಳಿಸಿಹೋಗಬಹುದು. ಜಿ.ಎಸ್.ಟಿ. ಕಾಯ್ದೆಯ 36ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಹೊಸ ಯಂತ್ರದ ತಂತ್ರಜ್ಞ ತಪ್ಪು ಡಿಸ್ಕನ್ನು ಒತ್ತಿದ ಎಂಬ ವಿವರಣೆಯನ್ನು ಯಾವ ಅಧಿಕಾರಿಯೂ ಒಪ್ಪಲಾರರು.

ಆದಕಾರಣ ಮೊದಲ ನಿಯಮ: ವಿಂಡೋಸ್ ಅಳವಡಿಸುವ ಸಮಯದಲ್ಲಿ ಹೊಸ ಎಸ್.ಎಸ್.ಡಿ. ಒಂದನ್ನು ಬಿಟ್ಟು ಬೇರಾವ ಡಿಸ್ಕ್ ಕೂಡ ಮದರ್‌ಬೋರ್ಡಿಗೆ ಜೋಡಣೆಯಾಗಿರಬಾರದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಡಿಸ್ಕ್ ಜೊತೆಗಿದ್ದಾಗ ವಿಂಡೋಸ್ ಕೆಲವೊಮ್ಮೆ ತನ್ನನ್ನು ಹೊಸ ಎಸ್.ಎಸ್.ಡಿ.ಯಲ್ಲಿ ಇರಿಸಿಕೊಂಡರೂ, ಯಂತ್ರವನ್ನು ಎಬ್ಬಿಸುವ ಆರಂಭಿಕ ಕಡತಗಳನ್ನು ಹಳೆಯ ಡಿಸ್ಕ್‌ನಲ್ಲಿ ಬರೆದುಬಿಡುತ್ತದೆ. ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ಆರು ತಿಂಗಳ ನಂತರ ಹಳೆಯ ಡಿಸ್ಕನ್ನು ತೆಗೆದ ದಿನ ಯಂತ್ರ ಎದ್ದೇಳುವುದಿಲ್ಲ. ಕಾರಣ ಯಾರಿಗೂ ಹೊಳೆಯುವುದಿಲ್ಲ.

ಎಲ್ಲಿ ನಿಂತಿದೆ ಎಂಬುದೇ ಮುಖ್ಯ

'ವಿಂಡೋಸ್ ಕೂರುತ್ತಿಲ್ಲ' ಎಂಬ ಒಂದೇ ಮಾತಿನ ಹಿಂದೆ ಹತ್ತಾರು ಕಾರಣಗಳಿರುತ್ತವೆ. ಪರದೆಯ ಮೇಲೆ ಏನೂ ಮೂಡುತ್ತಿಲ್ಲವಾದರೆ ಅದು ವಿಂಡೋಸ್‌ಗೆ ಸಂಬಂಧಿಸಿದ ದೋಷವೇ ಅಲ್ಲ. ಪೆನ್‌ಡ್ರೈವ್ ಬದಲಿಸುತ್ತ ಕೂರುವುದು ವ್ಯರ್ಥ. ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ, ಉದಾಹರಣೆಗೆ ಐ5-12400ಎಫ್‌ನಲ್ಲಿ, ಚಿತ್ರ ಮೂಡಿಸುವ ಭಾಗವಿರುವುದಿಲ್ಲ. ಬೆಲೆ ತುಸು ಕಡಿಮೆಯೆಂದು ಅದನ್ನು ಕೊಂಡವರು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕಾಗುತ್ತದೆ. ಲೆಕ್ಕ ಬರೆಯುವ ಯಂತ್ರಕ್ಕೆ ಇದು ಅನಗತ್ಯ ವೆಚ್ಚ. ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ 4 ಅಥವಾ 8 ಪಿನ್ನಿನ ಪ್ರತ್ಯೇಕ ತಂತಿಯನ್ನು ಸಿಕ್ಕಿಸಲು ಮರೆಯುವುದೂ ಉಂಟು. ಡಿಡಿಆರ್5 ಮೆಮೊರಿ ಇರುವ ಯಂತ್ರಗಳು ಮೊದಲ ಬಾರಿ ಚಾಲನೆಗೊಂಡಾಗ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲಿಯೇ ನಿಲ್ಲುತ್ತವೆ. ತಾಳ್ಮೆಗೆಟ್ಟು ಸ್ವಿಚ್ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಬೆಂಗಳೂರಿನಲ್ಲಿಯೇ ಜೋಡಿಸಿ ಬಸ್ಸಿನಲ್ಲಿ ತಂದ ಯಂತ್ರವಾದರೆ, ಪ್ರಯಾಣದ ಕುಲುಕಾಟಕ್ಕೆ ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಮೇಲಿನ ಫ್ಯಾನು ಸಡಿಲಗೊಂಡಿರುವ ಸಾಧ್ಯತೆಯಿದೆ. ಕ್ಯಾಬಿನೆಟ್ ತೆರೆದು ಎಲ್ಲವನ್ನೂ ಒಮ್ಮೆ ಒತ್ತಿ ಕೂರಿಸಿದ ಮೇಲೆಯೇ ಸ್ವಿಚ್ ಹಾಕುವುದು ಉಚಿತ.

'ಈ ಯಂತ್ರಕ್ಕೆ ವಿಂಡೋಸ್ 11 ಆಗದು'

ಹೊಸ ಯಂತ್ರದಲ್ಲಿ ಇಂತಹ ಸಂದೇಶ ಬಂದರೆ ವರ್ತಕರು ಗಾಬರಿಯಾಗುವುದು ಸಹಜ. ವಿಂಡೋಸ್ 11ಕ್ಕೆ 4 ಜಿಬಿ ಮೆಮೊರಿ, 64 ಜಿಬಿ ಸ್ಥಳ, ಯು.ಇ.ಎಫ್.ಐ. ಮಾದರಿಯ ಬಯಾಸ್, ಸೆಕ್ಯೂರ್ ಬೂಟ್ ಸೌಲಭ್ಯ ಹಾಗೂ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಅಗತ್ಯ. ಇತ್ತೀಚಿನ ಪ್ರೊಸೆಸರ್‌ಗಳಲ್ಲಿ ಟಿ.ಪಿ.ಎಂ. ಅಡಕವಾಗಿಯೇ ಇರುತ್ತದೆ. ಬಯಾಸ್‌ನಲ್ಲಿ ಇಂಟೆಲ್‌ನವರು ಅದನ್ನು ಪಿ.ಟಿ.ಟಿ. ಎಂದೂ, ಎ.ಎಂ.ಡಿ.ಯವರು ಎಫ್-ಟಿ.ಪಿ.ಎಂ. ಎಂದೂ ಕರೆಯುತ್ತಾರೆ. ಅದು ನಿಷ್ಕ್ರಿಯವಾಗಿದ್ದರೆ ಸಕ್ರಿಯಗೊಳಿಸಿ, ಹಳೆಯ ಮಾದರಿಯ ಬೂಟ್‌ಗೆ ಅವಕಾಶ ನೀಡುವ ಸಿ.ಎಸ್.ಎಂ. ಆಯ್ಕೆಯನ್ನು ಮುಚ್ಚಿದರೆ ಬಹುಮಟ್ಟಿಗೆ ಸಂದೇಶ ಮಾಯವಾಗುತ್ತದೆ.

ಮಾಯವಾಗದಿದ್ದರೆ ಬಿಲ್ಲನ್ನು ತೆರೆದು ನೋಡತಕ್ಕದ್ದು. ಮಾರುಕಟ್ಟೆಯಲ್ಲಿ 3ನೇ ಅಥವಾ 4ನೇ ತಲೆಮಾರಿನ ಇಂಟೆಲ್ ಕೋರ್ ಪ್ರೊಸೆಸರ್‌ಗಳನ್ನು ಹೊಸ ಕ್ಯಾಬಿನೆಟ್‌ನಲ್ಲಿ, ಹೊಸದಾಗಿ ತಯಾರಾದ ಎಚ್61, ಎಚ್81 ಬೋರ್ಡ್‌ಗಳ ಜೊತೆ ಜೋಡಿಸಿ ಮಾರುವುದುಂಟು. 'ಐ5 ಯಂತ್ರ' ಎಂದು ಹೇಳಿದ್ದು ಸುಳ್ಳಲ್ಲ; ಯಾವ ತಲೆಮಾರಿನದು ಎಂದು ಹೇಳಲಿಲ್ಲ, ಅಷ್ಟೇ. ವಿಂಡೋಸ್ 11ರ ಅಧಿಕೃತ ಪಟ್ಟಿ ಬಹುತೇಕ 8ನೇ ತಲೆಮಾರಿನ ಇಂಟೆಲ್ ಮತ್ತು 2000 ಸರಣಿಯ ರೈಜನ್‌ನಿಂದ ಆರಂಭವಾಗುತ್ತದೆ. ತಪಾಸಣೆಯನ್ನು ತಪ್ಪಿಸಿ ಅಳವಡಿಸುವ ಉಪಾಯಗಳು ತಂತ್ರಜ್ಞರಿಗೆ ತಿಳಿದಿವೆ. ಆದರೆ ಹಾಗೆ ಅಳವಡಿಸಿದ ಯಂತ್ರಕ್ಕೆ ಮುಂದಿನ ಪರಿಷ್ಕರಣೆಗಳು ಸಿಗುವ ಭರವಸೆಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲ. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರದಲ್ಲಿ ಈ ಸಾಹಸ ಸಲ್ಲದು.

ಡಿಸ್ಕ್ ಕಾಣುತ್ತಿಲ್ಲ

ಅಳವಡಿಕೆ ಆರಂಭವಾಗಿ, ಎಲ್ಲಿ ಅಳವಡಿಸಬೇಕು ಎಂದು ಕೇಳುವ ಹಂತದಲ್ಲಿ ಪಟ್ಟಿ ಖಾಲಿಯಾಗಿರುವುದು ಬಹಳ ದಾರಿ ತಪ್ಪಿಸುವ ದೋಷ. ಎಸ್.ಎಸ್.ಡಿ. ಕೆಟ್ಟಿದೆ ಎಂದು ಮರಳಿ ಕಳುಹಿಸಿ, ಬದಲಿ ಬಂದ ಮೇಲೂ ಅದೇ ಖಾಲಿ ಪಟ್ಟಿಯನ್ನು ನೋಡಬೇಕಾದೀತು. ಮೊದಲು ಬಯಾಸ್‌ನಲ್ಲಿ ಆ ಡಿಸ್ಕ್‌ನ ಹೆಸರು ಕಾಣುತ್ತದೆಯೇ ಎಂದು ನೋಡಬೇಕು. ಅಲ್ಲಿಯೂ ಕಾಣದಿದ್ದರೆ ದೋಷ ಜೋಡಣೆಯದು. ಎಂ.2 ಆಕಾರದ ಎಸ್.ಎಸ್.ಡಿ.ಗಳಲ್ಲಿ ಸಾಟಾ ಮತ್ತು ಎನ್.ವಿ.ಎಂ.ಇ. ಎಂಬ ಎರಡು ಬಗೆಗಳಿವೆ. ಒಂದನ್ನು ಮಾತ್ರ ಒಪ್ಪುವ ಕಿಂಡಿಯಲ್ಲಿ ಇನ್ನೊಂದನ್ನು ಕೂರಿಸಿದರೆ ಅದು ಕೂರುತ್ತದೆ, ಕೆಲಸ ಮಾಡುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಕಿಂಡಿ ಬಳಸಿದಾಗ ಒಂದು ಸಾಟಾ ಕಿಂಡಿ ತಾನಾಗಿ ನಿಷ್ಕ್ರಿಯವಾಗುತ್ತದೆ. ಮದರ್‌ಬೋರ್ಡಿನ ಪುಸ್ತಿಕೆಯಲ್ಲಿ ಇದರ ಉಲ್ಲೇಖವಿರುತ್ತದೆ. ಅದನ್ನು ಓದುವವರು ವಿರಳ.

ಬಯಾಸ್‌ನಲ್ಲಿ ಕಂಡು ವಿಂಡೋಸ್‌ಗೆ ಮಾತ್ರ ಕಾಣದಿದ್ದರೆ, ಇಂಟೆಲ್ 11ನೇ ತಲೆಮಾರು ಹಾಗೂ ನಂತರದ ಯಂತ್ರಗಳಲ್ಲಿ ವಿ.ಎಂ.ಡಿ. ಎಂಬ ವ್ಯವಸ್ಥೆಯನ್ನು ಶಂಕಿಸಬೇಕು. ಇದು ಡಿಸ್ಕ್‌ಗಳನ್ನು ತನ್ನ ನಿಯಂತ್ರಣದಲ್ಲಿ ಇರಿಸಿಕೊಳ್ಳುತ್ತದೆ; ಅದರ ಚಾಲಕ ತಂತ್ರಾಂಶ ವಿಂಡೋಸ್ ಪೆನ್‌ಡ್ರೈವ್‌ನಲ್ಲಿ ಇಲ್ಲದಿದ್ದರೆ ಡಿಸ್ಕ್ ಗೋಚರಿಸುವುದಿಲ್ಲ. ಒಂದೇ ಡಿಸ್ಕ್ ಇರುವ ಅಂಗಡಿಯ ಯಂತ್ರಕ್ಕೆ ವಿ.ಎಂ.ಡಿ. ಬೇಕಾಗಿಲ್ಲ, ಬಯಾಸ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದರೆ ಸಾಕು. ಆದರೆ ಈಗಾಗಲೇ ವಿಂಡೋಸ್ ಇರುವ ಯಂತ್ರದಲ್ಲಿ ಇದೇ ಪ್ರಯೋಗ ಮಾಡಿದರೆ ಚೆನ್ನಾಗಿದ್ದ ವಿಂಡೋಸ್ ಏಳದೇ ಹೋಗಬಹುದು.

ಡಿಸ್ಕ್ ಕಂಡರೂ, ಎಂ.ಬಿ.ಆರ್. ವಿಭಜನೆಯಿರುವುದರಿಂದ ಅಳವಡಿಸಲಾಗದು, ಜಿ.ಪಿ.ಟಿ. ಬೇಕು ಎಂಬ ಸಂದೇಶ ಬರುವುದುಂಟು. ಬೇರೆ ಯಂತ್ರದಲ್ಲಿ ಬಳಸಿದ ಡಿಸ್ಕನ್ನು ಹೊಸ ಯಂತ್ರಕ್ಕೆ ಹಾಕಿದಾಗ ಇದು ಸಾಮಾನ್ಯ. ಪರಿಹಾರವಾಗಿ ತಂತ್ರಜ್ಞರು ಡಿಸ್ಕ್‌ಪಾರ್ಟ್ ಎಂಬ ಸಾಧನದ 'ಕ್ಲೀನ್' ಆದೇಶವನ್ನು ಬಳಸುತ್ತಾರೆ. ಅದು ಆ ಡಿಸ್ಕ್‌ನ ಎಲ್ಲ ವಿಭಾಗಗಳನ್ನೂ ಖಚಿತಪಡಿಸಿಕೊಳ್ಳುವ ಪ್ರಶ್ನೆ ಕೇಳದೆಯೇ ಅಳಿಸುತ್ತದೆ. ಮಾಲೀಕರು ಪಕ್ಕದಲ್ಲಿ ನಿಂತಿರಬೇಕಾದ ಹಂತ ಇದು. ಹಳೆಯ ಡಿಸ್ಕ್ ಹೊರಗಿರಲಿ ಎಂದು ಮೊದಲೇ ಹೇಳಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಅರ್ಧದಲ್ಲಿ ಕಡತ ದೋಷ

ಶೇ. 30ರಲ್ಲೋ 60ರಲ್ಲೋ ನಿಂತು, ಕಡತ ಕೆಟ್ಟಿದೆ ಅಥವಾ ಇಲ್ಲ ಎಂದು 80070570 ಎಂದು ಕೊನೆಗೊಳ್ಳುವ ದೋಷಸಂಖ್ಯೆ ಬಂದರೆ ಇಬ್ಬರ ಮೇಲೆ ಸಂಶಯ: ಪೆನ್‌ಡ್ರೈವ್ ಮತ್ತು ಮೆಮೊರಿ. ಕನಿಷ್ಠ 8 ಜಿಬಿಯ ಬೇರೊಂದು ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್ ಜಾಲತಾಣದ ಸಾಧನದಿಂದಲೇ ಹೊಸದಾಗಿ ಸಿದ್ಧಪಡಿಸಿ ನೋಡಬೇಕು. ಕೈಯಿಂದ ಕೈಗೆ ಬಂದ ಪ್ರತಿಗಳನ್ನು ನಂಬಬಾರದು. ದೋಷ ಪ್ರತಿಬಾರಿ ಬೇರೆಬೇರೆ ಕಡೆ ತಲೆದೋರಿದರೆ ಮೆಮೊರಿಯತ್ತ ಬೆರಳು ತೋರಿಸಬಹುದು. ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದು ಪ್ರಯತ್ನಿಸುವುದು, ಎಕ್ಸ್.ಎಂ.ಪಿ. ವೇಗವನ್ನು ತಾತ್ಕಾಲಿಕವಾಗಿ ಕೈಬಿಡುವುದು, ಮೆಮ್‌ಟೆಸ್ಟ್86ನಿಂದ ರಾತ್ರಿಯಿಡೀ ಪರೀಕ್ಷಿಸುವುದು ಸರಿಯಾದ ಕ್ರಮ. ಮೆಮೊರಿ ದೋಷವಿರುವ ಯಂತ್ರದಲ್ಲಿ ಹೇಗೋ ವಿಂಡೋಸ್ ಕೂರಿಸಿ ಕೊಟ್ಟುಹೋದರೆ, ಮುಂದೆ ಕೆಡುವುದು ಲೆಕ್ಕದ ದತ್ತಾಂಶ.

ಕಡತಗಳ ನಕಲು ಮುಗಿದು ಯಂತ್ರ ಮರುಚಾಲನೆಗೊಂಡಾಗ ಪುನಃ ಮೊದಲ ಪರದೆಯೇ ಬಂದರೆ ಅದು ದೋಷವಲ್ಲ. ಪೆನ್‌ಡ್ರೈವ್ ತೆಗೆದರೆ ಸಾಕು. ಅಂತರ್ಜಾಲ ಸಂಪರ್ಕ ಕೇಳಿ ನಿಂತರೆ ಮೊಬೈಲನ್ನು ಕೇಬಲ್ ಮೂಲಕ ಜೋಡಿಸಿ ಯು.ಎಸ್.ಬಿ. ಟೆದರಿಂಗ್ ಬಳಸಬಹುದು. ವಿದ್ಯುತ್ ವ್ಯತ್ಯಯವಿರುವ ಊರುಗಳಲ್ಲಿ ಈ ಎಲ್ಲ ಕೆಲಸವನ್ನೂ ಯು.ಪಿ.ಎಸ್. ಮೇಲೆಯೇ ನಡೆಸಬೇಕು. ಬಯಾಸ್ ಪರಿಷ್ಕರಣೆಯ ನಡುವೆ ವಿದ್ಯುತ್ ಹೋದರೆ ಮದರ್‌ಬೋರ್ಡೇ ನಿರುಪಯುಕ್ತವಾಗಬಹುದು.

ಬಿಲ್ಲು, ಪರವಾನಗಿ, ಸವಕಳಿ

ಬಿಲ್ಲಿಲ್ಲದೆ ಕೊಂಡರೆ ಅಗ್ಗ ಎಂಬ ಲೆಕ್ಕ ನೋಂದಾಯಿತ ವರ್ತಕರಿಗೆ ಹೊಂದುವುದಿಲ್ಲ. ರೂ. 40,000 ಮೌಲ್ಯದ ಭಾಗಗಳಿಗೆ ಶೇ. 18ರಂತೆ ರೂ. 7,200 ಜಿ.ಎಸ್.ಟಿ.; ಸರಕುಪಟ್ಟಿ ಇದ್ದು ಅದು 2ಬಿ ನಮೂನೆಯಲ್ಲಿ ಕಂಡರೆ ಈ ಮೊತ್ತ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಜಮೆ ಪಡೆದ ತೆರಿಗೆಯನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಬಿಲ್ಲಿನಲ್ಲಿ ಪ್ರತಿ ಭಾಗದ ಕ್ರಮಸಂಖ್ಯೆ ಬರೆಸಿಕೊಂಡರೆ ವಾರಂಟಿಯ ವಾದವೂ ತಪ್ಪುತ್ತದೆ.

ಗಣಕಯಂತ್ರಗಳ ಮೇಲಿನ ಸವಕಳಿ ದರ 2017-18ನೇ ಹಣಕಾಸು ವರ್ಷದಿಂದ ಶೇ. 60ರಿಂದ 40ಕ್ಕೆ ಇಳಿಯಿತು. ಅದೇ ವರ್ಷದಿಂದ, ಆಸ್ತಿ ಖರೀದಿಗೆ ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ಪಾವತಿ ಆಸ್ತಿಯ ಬೆಲೆಗೆ ಸೇರದೆಂಬ ನಿಯಮವೂ ಬಂದಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಸವಕಳಿಗೆ ಖರೀದಿಯ ದಿನಕ್ಕಿಂತ ಬಳಕೆಗೆ ತಂದ ದಿನ ಮುಖ್ಯ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಅರ್ಧ ದರ ಮಾತ್ರ. ಸೆಪ್ಟೆಂಬರ್‌ನಲ್ಲಿ ಕೊಂಡ ಯಂತ್ರ ವಿಂಡೋಸ್ ಕೂರದೆ ಅಕ್ಟೋಬರ್ ಮೊದಲ ವಾರ ದಾಟಿದರೆ ಶೇ. 40ರ ಬದಲು 20ಕ್ಕೆ ತೃಪ್ತಿಪಡಬೇಕು.

ವಿಂಡೋಸ್ ಪರವಾನಗಿಯ ವಿಷಯದಲ್ಲಿ ಉದಾಸೀನ ಸರ್ವೇಸಾಮಾನ್ಯ. ನಕಲಿ ಪ್ರತಿಯೆಂದು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕರಣದಡಿ ಅಪರಾಧ. 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, ರೂ. 50,000ದಿಂದ 2 ಲಕ್ಷದವರೆಗೆ ದಂಡ ಅದರಲ್ಲಿದೆ. ಒ.ಇ.ಎಂ. ಪರವಾನಗಿ ಮದರ್‌ಬೋರ್ಡಿಗೆ ಕಟ್ಟುಬಿದ್ದಿರುವುದರಿಂದ ಹಳೆಯ ಯಂತ್ರದ್ದನ್ನು ಹೊಸದಕ್ಕೆ ಒಯ್ಯಲಾಗದು.

ಇನ್ನು ಟ್ಯಾಲಿ ಬಳಸುವವರು ಹಳೆಯ ಯಂತ್ರವನ್ನು ಅಳಿಸುವ ಮುನ್ನವೇ ಅದರಲ್ಲಿ ಪರವಾನಗಿಯನ್ನು 'ಸರೆಂಡರ್' ಮಾಡಿರಬೇಕು. ಇಲ್ಲವಾದರೆ ಹೊಸ ಯಂತ್ರದಲ್ಲಿ ಸಕ್ರಿಯಗೊಳಿಸುವಾಗ ತೊಡಕಾಗುತ್ತದೆ. ಡಿಜಿಟಲ್ ಸಹಿಯ ಟೋಕನ್‌ಗೆ ಅದರದೇ ಚಾಲಕ ತಂತ್ರಾಂಶ ಬೇಕು. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಪತ್ರ, ದರಪಟ್ಟಿಗಳಿದ್ದರೆ ಆ ಅಕ್ಷರಶೈಲಿಗಳನ್ನೂ ಹೊಸ ಯಂತ್ರಕ್ಕೆ ಒಯ್ಯಬೇಕು. ಇಲ್ಲವಾದಲ್ಲಿ ಕಡತ ತೆರೆದರೂ ಕನ್ನಡ ಕಾಣದು. ಯಂತ್ರದ ದಿನಾಂಕವನ್ನೂ ನೋಡಿಕೊಳ್ಳಬೇಕು. ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಸೋತು ದಿನಾಂಕ ಹಿಂದಕ್ಕೆ ಹೋಗಿದ್ದರೆ ಜಿ.ಎಸ್.ಟಿ. ಜಾಲತಾಣವನ್ನು ಸುರಕ್ಷಿತವಲ್ಲವೆಂದು ಬ್ರೌಸರ್ ತಡೆಯುತ್ತದೆ. ಆಗ ಜಾಲತಾಣವನ್ನು ಬಯ್ಯುವ ಮೊದಲು ಪರದೆಯ ಬಲಮೂಲೆಯ ತಾರೀಖನ್ನೊಮ್ಮೆ ನೋಡಿದರೆ ಆಯಿತು.