ಆರು ಕಾಲಿನ ಅಪ್ಪ

ಬೈನಾಕ್ಯುಲರಿನಲ್ಲಿ ಕಂಡ ಹಕ್ಕಿಗೆ ಆರು ಕಾಲು. ಗಾಜು ಒರೆಸಿ ಮತ್ತೆ ನೋಡಿದೆ, ಆರೇ! ಬಂಟ್ವಾಳ ತಾಲ್ಲೂಕಿನಲ್ಲಿ ನೇತ್ರಾವತಿ ಬದಿಯ ಒಂದು ಬೈಲು, ಆಗಸ್ಟಿನ ಮಳೆ ಅರ್ಧ ಗಂಟೆ ಬಿಡುವು ಕೊಟ್ಟ ಹೊತ್ತು. ಹಕ್ಕಿ ನೈದಿಲೆ ಎಲೆಯ ಮೇಲೆ ಕುಕ್ಕರಿಸಿ ರೆಕ್ಕೆ ಸಡಿಲಿಸಿತು. ಒಳಗಿಂದ ಎರಡು ಮರಿಗಳು ಹೊರಬಿದ್ದವು. ಅಪ್ಪನ ಕಂಕುಳಿಂದ ಇಳಿಬಿದ್ದಿದ್ದ ಹೆಚ್ಚಿನ ನಾಲ್ಕು ಕಾಲು ಅವುಗಳದೇ.

ಅಪ್ಪ ಎಂದದ್ದು ಬಾಯಿತಪ್ಪಿ ಅಲ್ಲ. ಈ ಹಕ್ಕಿಯಲ್ಲಿ, ಅಂದರೆ ಕಂಚುರೆಕ್ಕೆಯ ದೇವನಕ್ಕಿಯಲ್ಲಿ, ಕಾವು ಕೂರುವವನೂ ಮರಿ ಸಾಕುವವನೂ ಗಂಡೇ. ಗಂಡಿಗಿಂತ ದೊಡ್ಡವಳಾದ ಹೆಣ್ಣು ಒಬ್ಬನ ಸುಪರ್ದಿಗೆ ನಾಲ್ಕು ಮೊಟ್ಟೆ ಒಪ್ಪಿಸಿ ಮತ್ತೊಬ್ಬ ಗಂಡನನ್ನು ನೋಡಿಕೊಳ್ಳುತ್ತಾಳೆ. ಮೊಟ್ಟೆಗಳೂ ಚಂದವೇ: ಮಿರುಗುವ ಕಂದು, ಮೇಲೆಲ್ಲ ಮಗು ಮಸಿಯಲ್ಲಿ ಗೀಚಿದಂತೆ ಕಪ್ಪು ಗೆರೆ. ಉದ್ದುದ್ದ ಬೆರಳು ಹರಡಿ ಭಾರ ಹಂಚುವುದರಿಂದ ಹಕ್ಕಿ ನಡೆದರೆ ಎಲೆ ತುಸು ತಗ್ಗುತ್ತದೆ, ಮುಳುಗುವುದಿಲ್ಲ.

ಇಷ್ಟೆಲ್ಲ ನಡೆದದ್ದು ಹಂಚಿನ ಮಣ್ಣು ತೆಗೆದ ಹಳೇ ಹೊಂಡದಲ್ಲಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಬದಿಯ ಜೇಡಿ ದೇಶಾಂತರದ ಮಾಡುಗಳನ್ನೇರಿತು. ಹೊಂಡಗಳು ಇಲ್ಲೇ ಉಳಿದವು. ಹೊಳೆಯೇನೂ ಸಾಧುವಲ್ಲ. 1923ರ ಮಾರಿಬೊಳ್ಳವೆಂಬ ಮಹಾನೆರೆ, 1974ರ ನೆರೆ ಬಂಟ್ವಾಳದವರಿಗೆ ಹೇಳಿಕೊಡಬೇಕಿಲ್ಲ. 2019ರಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆ ನೆರೆ ಗದ್ದೆ, ತೋಟಗಳಿಗೆ ಮರಳು ತುಂಬಿ ಹೋಯಿತು. ನೆರೆ ಬಂದಲ್ಲೆಲ್ಲ ಹಕ್ಕಿಗೆ ಹಬ್ಬ ಎನ್ನುವವರು ಆ ಮರಳನ್ನು ನೋಡಬೇಕಿತ್ತು.

ಹೊಂಡದ ಮಾತಾಯಿತು, ಇನ್ನು ಕೆರೆಯದು. ಮೂಡುಬಿದಿರೆಯವರು ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂದು ಲೆಕ್ಕ ಒಪ್ಪಿಸುತ್ತಾರೆ. ಕಂಬಳದ ಕೋಣಗಳು ಓಡುವ ಕಡಲಕೆರೆ ಬದಿಯಲ್ಲಿ ನಾನೂ ಕೂತವನೇ. ಆದರೆ ಕೆರೆ ಅಭಿವೃದ್ಧಿ ಎಂಬ ಮಾತು ಕೇಳಿದರೆ ನನಗೆ ಸಣ್ಣ ಹೆದರಿಕೆ. ಮೊದಲು ಕೀಳುವುದೇ ಎಲೆ, ಬಳ್ಳಿ, ಜೊಂಡು. ಆಮೇಲೆ ದೇವನಕ್ಕಿ ನಡೆಯುವುದು ಕಾಂಕ್ರೀಟಿನ ಮೇಲೋ?

"ಇದನ್ನು ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದದ್ದಾ ಮಾರಾಯ್ರೆ?" ಹೊಂಡದ ಪಕ್ಕದ ಅಡಿಕೆ ತೋಟದವರು ಕೊಡೆ ಹಿಡಿದು ಬಂದರು. ಸಂಗತಿ ಹೇಳಿದೆ.

"ಗಂಡು ಮರಿ ಸಾಕುದಾ? ಹಾಗಾದ್ರೆ ಹೆಣ್ಣೆಲ್ಲಿ?"

ಹೊಂಡದ ಆಚೆ ಮೂಲೆ ತೋರಿಸಿದೆ. ಅಲ್ಲೊಬ್ಬಳು ಇನ್ನೊಬ್ಬಳನ್ನು ಓಡಿಸುತ್ತಿದ್ದಳು. ಅವರು ತೋಟದ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. ಆ ಅಕ್ಕ ಹಾಳೆ ಹೆಕ್ಕುವುದು ಬಿಟ್ಟು ಬಂದು, ಸೆರಗಿಗೆ ಕೈ ಒರೆಸಿ ಬೈನಾಕ್ಯುಲರ್ ಇಸಕೊಂಡರು. ಅದು ನನಗೆ ವಾಪಸು ಸಿಗುವಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು.