ನಿವೃತ್ತ ಪೊಲೀಸ್ ಸಿಬ್ಬಂದಿಯ ನಿವೃತ್ತಿ ವೇತನ, ತೆಂಗಿನ ಆದಾಯ ಮತ್ತು ಆದಾಯ ತೆರಿಗೆ



ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಪೊಲೀಸ್, ಅಗ್ನಿಶಾಮಕ ಮುಂತಾದ ಇಲಾಖೆಗಳಿಂದ ನಿವೃತ್ತರಾಗಿ ತೆಂಗಿನ ತೋಟ ನೋಡಿಕೊಂಡಿರುವವರು ಅನೇಕರಿದ್ದಾರೆ. ತಮ್ಮ ನಿವೃತ್ತಿ ವೇತನಕ್ಕೆ ರಾಜ್ಯ ಸರ್ಕಾರವು ತೆರಿಗೆ ವಿನಾಯಿತಿ ನೀಡಬಾರದೇ ಎಂದು ಅವರು ಕೇಳುವುದುಂಟು. ಅವರಿಗೆ ಸರಿಯಾದ ಉತ್ತರ ನೀಡಲು ಅನುಕೂಲವಾಗುವಂತೆ 2025-26ನೇ ಆರ್ಥಿಕ ವರ್ಷಕ್ಕೆ ಅನ್ವಯಿಸುವ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಅಧಿಕಾರ ಯಾರದು: ಸಂವಿಧಾನದ ಏಳನೇ ಅನುಸೂಚಿಯಂತೆ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರದ ವಿಷಯ, ಕೃಷಿ ಆದಾಯದ ಮೇಲಿನ ತೆರಿಗೆ ಮಾತ್ರ ರಾಜ್ಯದ್ದು. ಆದ್ದರಿಂದ ನಿವೃತ್ತಿ ವೇತನದ ಆದಾಯ ತೆರಿಗೆಯನ್ನು ರಾಜ್ಯವು ಮನ್ನಾ ಮಾಡಲಾಗದು. ಈ ಬಗ್ಗೆ ಗ್ರಾಮಸಭೆಯ ನಿರ್ಣಯವನ್ನು ರಾಜ್ಯಕ್ಕೆ ಕಳುಹಿಸುವುದರಿಂದ ಫಲವಿಲ್ಲ.

2. ಪೂರ್ಣ ವಿನಾಯಿತಿ: ಸರ್ಕಾರಿ ನೌಕರರ ಉಪದಾನ ಹಾಗೂ ಪರಿವರ್ತಿತ ನಿವೃತ್ತಿ ವೇತನದ ಇಡಿಗಂಟಿಗೆ ತೆರಿಗೆಯಿಲ್ಲ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಹಾಗೂ ಕೇಂದ್ರವು ಅಧಿಸೂಚಿಸಿದ ಇತರ ಶೌರ್ಯ ಪದಕ ಪಡೆದವರ ನಿವೃತ್ತಿ ವೇತನಕ್ಕೂ ತೆರಿಗೆಯಿಲ್ಲ. ಸೇವೆಗಾಗಿ ನೀಡುವ ಪದಕಗಳಿಗೆ ಇದು ಅನ್ವಯಿಸದು. ಕಾರ್ಯಾಚರಣೆಯಲ್ಲಿ ಮಡಿದ ಸೇನೆ ಮತ್ತು ಅರೆಸೇನಾ ಪಡೆಗಳ ಯೋಧರ ಕುಟುಂಬ ನಿವೃತ್ತಿ ವೇತನವೂ ತೆರಿಗೆಮುಕ್ತ.

3. ಉಳಿದವರಿಗೆ: ಹೊಸ ತೆರಿಗೆ ಪದ್ಧತಿಯಲ್ಲಿ ನಿವೃತ್ತಿ ವೇತನದಿಂದ 75,000 ರೂ. ಪ್ರಮಾಣಿತ ಕಡಿತವಿದೆ. ಕುಟುಂಬ ನಿವೃತ್ತಿ ವೇತನಕ್ಕೆ ಅದರ ಮೂರನೇ ಒಂದು ಭಾಗ ಅಥವಾ 25,000 ರೂ., ಯಾವುದು ಕಡಿಮೆಯೋ ಅಷ್ಟು ಕಡಿತ ದೊರೆಯುತ್ತದೆ. ತೆರಿಗೆಗೆ ಒಳಪಡುವ ಒಟ್ಟು ಆದಾಯವು 12 ಲಕ್ಷ ರೂ. ಮೀರದಿದ್ದರೆ 60,000 ರೂ.ವರೆಗೆ ರಿಬೇಟ್ ಇದೆ. ನಿವೇಶನ ಅಥವಾ ಷೇರು ಮಾರಾಟದ ಲಾಭವಿದ್ದಲ್ಲಿ ಲೆಕ್ಕ ಬೇರೆ.

4. ತೆಂಗಿನ ಆದಾಯ: ಸ್ವಂತ ತೋಟದ ತೆಂಗಿನಕಾಯಿಯ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ಆದರೆ ಅದು 5,000 ರೂ. ಮೀರಿದ್ದು, ಇತರ ಆದಾಯವು 4 ಲಕ್ಷ ರೂ. ದಾಟಿದರೆ, ತೆರಿಗೆಯ ದರ ಲೆಕ್ಕ ಹಾಕಲು ಅದನ್ನೂ ಸೇರಿಸಲಾಗುತ್ತದೆ.

ಉದಾಹರಣೆಗೆ, ತಿಂಗಳಿಗೆ 40,000 ರೂ. ಪಡೆಯುವ ನಿವೃತ್ತರ ವಾರ್ಷಿಕ ಮೊತ್ತ 4,80,000 ರೂ. ಕಡಿತದ ನಂತರ ಉಳಿಯುವುದು 4,05,000 ರೂ. ತೋಟದಿಂದ 3 ಲಕ್ಷ ರೂ. ಬಂದಿದ್ದರೆ, 7,05,000 ರೂ.ಗೆ ತೆರಿಗೆ 15,250 ರೂ. ಇದರಿಂದ 7 ಲಕ್ಷಕ್ಕೆ, ಅಂದರೆ ತೋಟದ ಆದಾಯ ಮತ್ತು ಮೂಲ ಮಿತಿ 4 ಲಕ್ಷ ಸೇರಿದ ಮೊತ್ತಕ್ಕೆ, ತಗಲುವ 15,000 ರೂ. ಕಳೆದರೆ ಉಳಿಯುವುದು 250 ರೂ. ರಿಬೇಟ್‌ನಿಂದ ಅದೂ ಶೂನ್ಯ. ಆದರೂ ಆದಾಯವು 4 ಲಕ್ಷ ಮೀರಿರುವುದರಿಂದ ವಿವರಪಟ್ಟಿ ಸಲ್ಲಿಸಲೇಬೇಕು. ತೋಟದ ಆದಾಯ 5,000 ರೂ. ಮೀರಿದವರು ಐಟಿಆರ್-1 ಬಳಸುವಂತಿಲ್ಲ. ಇವರಿಗೆ ಐಟಿಆರ್-2 ಅನ್ವಯಿಸುತ್ತದೆ.

5. ಸದಸ್ಯರಲ್ಲಿ ಕೋರಿಕೆ: ರಾಜ್ಯದ ವಿನಾಯಿತಿ ಕೊಡಿಸುವುದಾಗಿ ಹೇಳಿ ಹಣ, ಆಧಾರ್ ಪ್ರತಿ ಅಥವಾ ಒಟಿಪಿ ಕೇಳುವವರನ್ನು ನಂಬದಂತೆ ವಾರ್ಡ್ ಸಭೆಯಲ್ಲಿ ತಿಳಿಸಿರಿ. ತೋಟದ ಆದಾಯವನ್ನು ಮುಚ್ಚಿಡುವ ಅಗತ್ಯವೇ ಇಲ್ಲವೆಂಬುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. ವಿಶೇಷವಾಗಿ, ಪತಿಯ ಮರಣಾನಂತರ ಕುಟುಂಬ ನಿವೃತ್ತಿ ವೇತನ ಪಡೆಯುತ್ತಿರುವ ಮಹಿಳೆಯರಿಗೆ ಈ ಮಾಹಿತಿ ಮನೆಬಾಗಿಲಿಗೇ ತಲುಪಲಿ.