ಕೊವಾಲ್ಸ್ಕಿ

ಕೊವಾಲ್ಸ್ಕಿ ಎಂಬುದು ಪೋಲೆಂಡ್ ದೇಶದ ವೃತ್ತಿಮೂಲದ ಕುಲನಾಮಗಳಲ್ಲಿ ಒಂದು. ಆ ದೇಶದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕುಲನಾಮಗಳ ಪೈಕಿ ನೊವಾಕ್ ನಂತರದ ಸ್ಥಾನ ಇದರದು.

ಮೂಲ ಮತ್ತು ಅರ್ಥ

ಪೋಲಿಷ್ ಭಾಷೆಯಲ್ಲಿ 'ಕೊವಾಲ್' ಎಂದರೆ ಕಮ್ಮಾರ. ಇದಕ್ಕೆ '-ಸ್ಕಿ' ಎಂಬ ವಿಶೇಷಣ ಪ್ರತ್ಯಯ ಸೇರಿದಾಗ 'ಕಮ್ಮಾರನಿಗೆ ಸಂಬಂಧಿಸಿದ' ಎಂಬ ಅರ್ಥ ಬರುತ್ತದೆ. ನೇಗಿಲಿನ ಗುಳ, ಕುಡುಗೋಲು, ಕುದುರೆಯ ಲಾಳಗಳಿಗಾಗಿ ಹಳ್ಳಿಗಳು ಕಮ್ಮಾರನನ್ನೇ ಅವಲಂಬಿಸಿದ್ದವು. ಹೀಗಾಗಿ ಈ ವೃತ್ತಿಯಿಂದ ಹುಟ್ಟಿದ ಹೆಸರುಗಳು ವ್ಯಾಪಕವಾಗಿ ಹರಡಿದವು.

'-ಸ್ಕಿ' ಪ್ರತ್ಯಯವನ್ನು ಮೊದಲು ಹೆಚ್ಚಾಗಿ ಬಳಸಿದವರು ಭೂಮಾಲೀಕ ಕುಲೀನರು. ಅವರು ಅದನ್ನು ತಮ್ಮ ಊರಿನ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದರು. ಕ್ರಮೇಣ ರೈತರೂ ಪಟ್ಟಣವಾಸಿಗಳೂ ಇಂತಹ ಹೆಸರುಗಳನ್ನು ಪಡೆದರು. ಕೊವಾಲ್, ಕೊವಾಲೆ, ಕೊವಾಲೆವೊ ಎಂಬ ಊರುಗಳೂ ಪೋಲೆಂಡಿನಲ್ಲಿರುವುದರಿಂದ ಕೆಲವು ಮನೆತನಗಳಿಗೆ ಈ ಹೆಸರು ಊರಿನಿಂದಲೇ ಬಂದಿರಬಹುದು. ಆದ್ದರಿಂದ ಕೊವಾಲ್ಸ್ಕಿ ಎಂಬ ಹೆಸರಿನವರೆಲ್ಲರ ಪೂರ್ವಜರು ಕಮ್ಮಾರರಾಗಿದ್ದರೆಂದು ಹೆಸರಿನಿಂದಷ್ಟೇ ನಿರ್ಧರಿಸಲಾಗದು.

ರೂಪಗಳು

ಇದರ ಸ್ತ್ರೀಲಿಂಗ ರೂಪ 'ಕೊವಾಲ್ಸ್ಕಾ'. ಕ್ಯಾಥೊಲಿಕ್ ಸಂತಳಾದ ಫೌಸ್ಟಿನಾ ಕೊವಾಲ್ಸ್ಕಾ (1905–1938) ಈ ಹೆಸರಿನ ಪ್ರಸಿದ್ಧರಲ್ಲೊಬ್ಬಳು. ಕಮ್ಮಾರನ ಮಗ ಅಥವಾ ಅವನ ಕೈಕೆಳಗೆ ಕೆಲಸ ಕಲಿಯುವವನನ್ನು ಸೂಚಿಸುವ 'ಕೊವಾಲ್ಚಿಕ್' ಕೂಡ ಪೋಲೆಂಡಿನಲ್ಲಿ ಬಹಳ ಪ್ರಚಲಿತ. ಉಕ್ರೇನಿನ 'ಕೊವಾಲೆಂಕೊ' ಇದೇ ಮೂಲದ್ದು. ಹಂಗೇರಿಯ 'ಕೊವಾಚ್' ಸ್ಲಾವಿಕ್ ಭಾಷೆಗಳಿಂದ ಎರವಲಾಗಿ ಬಂದದ್ದು. ಇಂಗ್ಲಿಷಿನ 'ಸ್ಮಿತ್', ಜರ್ಮನ್ನಿನ 'ಶ್ಮಿಟ್' ಇವುಗಳಿಗೂ ಕಮ್ಮಾರ ಎಂಬುದೇ ಅರ್ಥ.

ಜನಬಳಕೆ

ಅರ್ಜಿಗಳ ಮಾದರಿಗಳಲ್ಲಿ 'ಯಾನ್ ಕೊವಾಲ್ಸ್ಕಿ' ಎಂಬ ಕಲ್ಪಿತ ಹೆಸರನ್ನು ಬಳಸುವುದು ರೂಢಿ. ಪೋಲಿಷ್ ಮಾತಿನಲ್ಲಿ ಬರಿಯ 'ಕೊವಾಲ್ಸ್ಕಿ' ಎಂದರೂ ಜನಸಾಮಾನ್ಯ ಎಂಬ ಅರ್ಥ ಹೊರಡುತ್ತದೆ. ಒಂದು ಕಾಲದಲ್ಲಿ ಕುಲೀನತೆಯನ್ನು ಸೂಚಿಸುತ್ತಿದ್ದ ಪ್ರತ್ಯಯವುಳ್ಳ ಹೆಸರೇ ಇಂದು ಸಾಮಾನ್ಯ ನಾಗರಿಕನ ಪ್ರತೀಕವಾಗಿದೆ.